ಐದು ಮೀಟರ್ ನಡಿಗೆಯಲ್ಲಿ ಕಂಡದ್ದು

ಹೃದಯ ಶಸ್ತ್ರಚಿಕಿತ್ಸೆಗೆ ಬರುವವರಿಗೆ ಅರಿವಳಿಕೆ ಕೊಡುವ ವೈದ್ಯೆಯಾದ ನಾನು ಬಹುಕಾಲ ಅವರ ಅಪಾಯವನ್ನು ಯೂರೋಸ್ಕೋರ್ ಲೆಕ್ಕದಿಂದಲೇ ಅಳೆಯುತ್ತಿದ್ದೆ. ವಯಸ್ಸು, ಮೂತ್ರಪಿಂಡದ ಸ್ಥಿತಿ, ಹೃದಯದ ಪಂಪಿಂಗ್ ಮುಂತಾದವುಗಳಿಂದ ಸಾವಿನ ಸಂಭವವನ್ನು ಶೇಕಡಾವಾರು ತಿಳಿಸುವ ಆ ಲೆಕ್ಕ ಇಂದಿಗೂ ಬೇಕು. ಆದರೆ ಎದುರಿಗೆ ಕುಳಿತವರು ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಾರೆ ಎಂಬುದು ಅದರಲ್ಲಿ ದಾಖಲಾಗುವುದಿಲ್ಲ.

ಎಪ್ಪತ್ತು ದಾಟಿದ ಒಬ್ಬ ತಾಯಿಗೆ ಬೈಪಾಸ್ ಸರಾಗವಾಗಿ ಮುಗಿದಿತ್ತು. ಕೆಮ್ಮಿ ಕಫ ಹೊರಹಾಕುವ ಶಕ್ತಿಯಿಲ್ಲದೆ, ವೆಂಟಿಲೇಟರ್ ತೆಗೆದ ಎರಡನೇ ದಿನವೇ ಅವರಿಗೆ ಮತ್ತೆ ಅದನ್ನು ಹಾಕಬೇಕಾಯಿತು. ಐಸಿಯು ಬಾಗಿಲಲ್ಲಿ ಅವರ ಮಗಳು, 'ಅಮ್ಮ ಆರು ತಿಂಗಳಿಂದ ಒಂದೇ ಹೊತ್ತು ಉಣ್ಣುತ್ತಿದ್ದರು ಡಾಕ್ಟ್ರೇ' ಎಂದರು. ನಾನು ಅದನ್ನು ಕೇಳಿಯೇ ಇರಲಿಲ್ಲ. ಅವರು ಬದುಕಿ ಮನೆಗೆ ಹೋದರು, ಆದರೆ ಆಸರೆಯಿಲ್ಲದೆ ನಡೆಯುವುದು ಮತ್ತೆ ಸಾಧ್ಯವಾಗಲಿಲ್ಲ.

ಆಮೇಲೆ ಹೊರರೋಗಿ ವಿಭಾಗದ ನೆಲಕ್ಕೆ ಐದು ಮೀಟರ್ ಅಂತರದಲ್ಲಿ ಎರಡು ಪಟ್ಟಿ ಅಂಟಿಸಿ, ನಡೆಯಬಲ್ಲವರನ್ನೆಲ್ಲ ತಮ್ಮ ಎಂದಿನ ವೇಗದಲ್ಲಿ ಮೂರು ಸಲ ನಡೆಯಲು ಹೇಳಿ, ಗಡಿಯಾರ ಹಿಡಿದು ನಿಲ್ಲತೊಡಗಿದೆ. ಸರಾಸರಿ 6 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ದೇಹದ ಮೀಸಲು ಶಕ್ತಿ ಕುಗ್ಗಿದೆ ಎಂದೇ ಭಾವಿಸಿ, ಊಟ, ಇಳಿದ ತೂಕ, ಹಿಮೋಗ್ಲೋಬಿನ್, ನೆನಪಿನ ಶಕ್ತಿಗಳನ್ನು ವಿಚಾರಿಸುತ್ತೇನೆ.

ಕಾಯಬಲ್ಲವರಿಗೆ ಮೂರು ನಾಲ್ಕು ವಾರಗಳ ಸಿದ್ಧತೆ ಮಾಡಿಸುತ್ತೇವೆ: ಉಸಿರೆಳೆಯುವ ಸ್ನಾಯುಗಳಿಗೆ ದಿನವೂ ವ್ಯಾಯಾಮ, ಪ್ರೋಟೀನ್ ಹೆಚ್ಚಿರುವ ಆಹಾರ, ಕೊರತೆಯಿದ್ದರೆ ಕಬ್ಬಿಣಾಂಶ, ಫಿಸಿಯೋಥೆರಪಿಸ್ಟ್ ಕಣ್ಗಾವಲಿನಲ್ಲಿ ನಡಿಗೆ, ಧೂಮಪಾನದ ಸಂಪೂರ್ಣ ನಿಲುಗಡೆ. ಎಡ ಮುಖ್ಯ ರಕ್ತನಾಳವೇ ತೀವ್ರವಾಗಿ ಕಟ್ಟಿಕೊಂಡವರಿಗೆ, ವಿಶ್ರಾಂತಿಯಲ್ಲೂ ಎದೆನೋವು ಬರುವವರಿಗೆ ಕಾಯುವುದೇ ಹೆಚ್ಚು ಅಪಾಯಕರವಾದ್ದರಿಂದ, ಅಂಥವರ ವಿಷಯದಲ್ಲಿ ಹೃದ್ರೋಗ ತಜ್ಞರು, ಶಸ್ತ್ರಚಿಕಿತ್ಸಕರು ಮತ್ತು ನಾನು ಅಂದೇ ಕೂತು ನಿರ್ಧರಿಸುತ್ತೇವೆ. ಹೃದಯದ ಕವಾಟ ಕೆಟ್ಟವರಿಗೆ ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸುವುದೇ ಲೇಸೆಂದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಡವೆಂದು ಮನೆಯವರಿಗೆ ಹೇಳಿದ್ದೂ ಉಂಟು. ಹಾಗೆ ಹೇಳುವುದು ನನಗೆ ಇಂದಿಗೂ ಕಷ್ಟ.

ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಲ್ಲಿ ನಾನು ಹೆಚ್ಚು ಅಂಜುವುದು ಮತಿಗೊಂದಲಕ್ಕೆ. ಒಮ್ಮೆ ರಾತ್ರಿಯಿಡೀ ನಳಿಕೆಗಳನ್ನು ಕಿತ್ತುಕೊಳ್ಳಲು ಹೆಣಗುತ್ತಿದ್ದ ಹಿರಿಯರೊಬ್ಬರಿಗೆ ನರ್ಸ್ ಒಬ್ಬರು ಕನ್ನಡಕ ತೊಡಿಸಿ, ಶ್ರವಣಯಂತ್ರವನ್ನು ಕಿವಿಗಿಟ್ಟು, ಹೆಸರು ಹಿಡಿದು ಕರೆದಾಗ ಅವರ ಕೈ ತಟ್ಟನೆ ಸಡಿಲವಾಯಿತು. ಅಂದಿನಿಂದ ಈ ಎರಡು ವಸ್ತುಗಳು ರೋಗಿಯ ಜೊತೆಗೇ ಐಸಿಯುಗೆ ಬರುತ್ತವೆ. ಮಂಪರು ಬರಿಸುವ ಬೆಂಜೋಡಯಾಜೆಪೈನ್ ಔಷಧಗಳನ್ನು ಆದಷ್ಟು ದೂರವಿಡುತ್ತೇವೆ. ಸ್ಥಿತಿ ಅನುಮತಿಸಿದರೆ ಮರುದಿನವೇ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತೇವೆ.

ಬಿಡುಗಡೆಯ ದಿನ ಅದೇ ಎರಡು ಪಟ್ಟಿಗಳ ನಡುವೆ ರೋಗಿಯನ್ನು ಇನ್ನೊಮ್ಮೆ ನಡೆಸಿ, ಹಿಡಿದ ಸೆಕೆಂಡುಗಳನ್ನು ಮೊದಲ ದಿನದ ಅಂಕಿಯ ಪಕ್ಕದಲ್ಲೇ ಬರೆದಿಡುತ್ತೇನೆ.