ಓಮದ ಘಮ ಎಂಆರ್‌ಎಸ್‌ಎಯನ್ನು ತಡೆಯುತ್ತದೆಯೇ? ಆವಿಯಲ್ಲೇ ಪರೀಕ್ಷಿಸುವ ಬಗೆ

ಮೆಥಿಸಿಲಿನ್‌ನಂಥ ಆ್ಯಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಆರಿಯಸ್ (ಎಂಆರ್‌ಎಸ್‌ಎ) ಮೇಲೆ ಸುಗಂಧ ತೈಲ ಪರೀಕ್ಷಿಸುವವರು ಸಾಮಾನ್ಯವಾಗಿ ಎಣ್ಣೆಯಲ್ಲಿ ಅದ್ದಿದ ಕಾಗದದ ಡಿಸ್ಕನ್ನು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯದ ಅಗಲ ಅಳೆಯುತ್ತಾರೆ. ಎಣ್ಣೆಗೆ ಆ ವಿಧಾನ ಒಗ್ಗದು. ಅಗಾರ್ ಬಹುಪಾಲು ನೀರು. ಎಣ್ಣೆ ಅದರಲ್ಲಿ ಸರಿಯಾಗಿ ಹರಡುವುದಿಲ್ಲ. ಘಮದ ಬಲ ತಿಳಿಯಲು ಆವಿಯನ್ನೇ ಪರೀಕ್ಷಿಸಬೇಕು. ಇದು ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಬೇಡವೇ ಬೇಡ.

100 ಗ್ರಾಂ ಓಂಕಾಳನ್ನು ತರಿತರಿಯಾಗಿ ಪುಡಿಮಾಡಿ, ಘಮ ಹಾರಿಹೋಗುವ ಮೊದಲೇ 1 ಲೀಟರ್ ನೀರಿಗೆ ಹಾಕಿ, ಆವಿಯಿಂದ ಎಣ್ಣೆ ಬೇರ್ಪಡಿಸುವ ಕ್ಲೆವೆಂಜರ್ ಉಪಕರಣದಲ್ಲಿ 3 ತಾಸು ಕುದಿಸಿ. 2ರಿಂದ 4 ಮಿ.ಲೀ. ಎಣ್ಣೆ ನೀರಿನ ಮೇಲೆ ತೇಲುತ್ತದೆ. ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ತೇವ ತೆಗೆದು, ಕಂದು ಗಾಜಿನ ಶೀಷೆಯಲ್ಲಿ 4 ಡಿಗ್ರಿಯಲ್ಲಿಡಿ. ಫ್ರಿಜ್ಜಿನಿಂದ ತೆಗೆದಾಗ ಶೀಷೆಯೊಳಗೆ ಬಿಳಿ ಹರಳು ಕಂಡರೆ ಅದು ಥೈಮಾಲ್, ಬ್ಯಾಕ್ಟೀರಿಯಾದ ಪೊರೆ ಕೆಡಿಸುವ ಮುಖ್ಯ ಅಂಶ. ಬರೀ ದ್ರವವನ್ನು ಪಿಪೆಟ್ಟಿನಿಂದ ಹೀರಿಕೊಂಡರೆ ಸತ್ವ ಶೀಷೆಯಲ್ಲೇ ಉಳಿಯುತ್ತದೆ. ಮುಚ್ಚಳ ಬಿಗಿದು, ಶೀಷೆಯನ್ನು ಬೆಚ್ಚನೆ ನೀರಿನಲ್ಲಿಟ್ಟು ಹರಳು ಪೂರ್ತಿ ಕರಗಿಸಿ.

ಬ್ಯಾಕ್ಟೀರಿಯಾ ತಳಿ ನಿಜಕ್ಕೂ ಎಂಆರ್‌ಎಸ್‌ಎ ಹೌದೇ ಎಂದು 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಎಂಬ ಆ್ಯಂಟಿಬಯಾಟಿಕ್ ಡಿಸ್ಕಿನಿಂದ ಖಚಿತಪಡಿಸಿಕೊಳ್ಳಿ: ವಲಯ 21 ಮಿ.ಮೀ. ಅಥವಾ ಕಡಿಮೆ ಇರಬೇಕು.

90 ಮಿ.ಮೀ. ಗಾಜಿನ ಪೆಟ್ರಿ ತಟ್ಟೆಗೆ 25 ಮಿ.ಲೀ. ಮುಲ್ಲರ್-ಹಿಂಟನ್ ಅಗಾರ್ ಹಾಕಿ. ಪ್ಲಾಸ್ಟಿಕ್ ತಟ್ಟೆ ಬೇಡ, ಎಣ್ಣೆ ಪಾಲಿಸ್ಟೈರೀನನ್ನೇ ಕರಗಿಸುತ್ತದೆ. 0.5 ಮ್ಯಾಕ್‌ಫರ್ಲೆಂಡ್ ಗಾಢತೆಯ (ದ್ರಾವಣದ ಮಬ್ಬನ್ನು ಅಳೆಯುವ ಮಾನ) ಬ್ಯಾಕ್ಟೀರಿಯಾ ದ್ರಾವಣವನ್ನು ತಯಾರಿಸಿದ 15 ನಿಮಿಷದೊಳಗೆ ಹತ್ತಿಯ ಸ್ವಾಬಿನಿಂದ ಅಗಾರ್ ಮೇಲೆ ಹರಡಿ, ತಟ್ಟೆ ತಲೆಕೆಳಗು ಮಾಡಿ. ಮುಚ್ಚಳದ ನಡುವೆ 6 ಮಿ.ಮೀ. ಕಾಗದದ ಡಿಸ್ಕ್ ಇಟ್ಟು 10 ಮೈಕ್ರೋಲೀಟರ್ ಎಣ್ಣೆ ಬಿಟ್ಟು, ತಕ್ಷಣ ಅಂಚಿಗೆ ಪ್ಯಾರಾಫಿಲ್ಮ್ (ಆವಿ ಸೋರದಂತೆ ಮುಚ್ಚುವ ಮೇಣದ ಪಟ್ಟಿ) ಸುತ್ತಿ. ಮುಂದಿನ ತಟ್ಟೆಗಳಿಗೆ ಎಣ್ಣೆಯನ್ನು ಎಥನಾಲ್‌ನಲ್ಲಿ ಅರ್ಧರ್ಧ ತೆಳುವಾಗಿಸುತ್ತ ಹೋಗಿ. ಎಥನಾಲ್ ಮಾತ್ರ ಇರುವ ಒಂದು ತಟ್ಟೆ, ಏನೂ ಹಾಕದ ಇನ್ನೊಂದು ತಟ್ಟೆ ಇರಲೇಬೇಕು. ಪ್ರತಿ ತಟ್ಟೆಯನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, 35 ಡಿಗ್ರಿಯಲ್ಲಿ 16ರಿಂದ 20 ತಾಸು ಬಿಡಿ. ಒಂದೇ ಡಬ್ಬಿಯಲ್ಲಿಟ್ಟರೆ ಸೋರಿದ ಆವಿ ಪಕ್ಕದ ತಟ್ಟೆಯ ಬೆಳವಣಿಗೆಯನ್ನೂ ತಡೆದು, ತೆಳು ಎಣ್ಣೆಗೂ ಇಲ್ಲದ ಬಲ ತೋರಿಸುತ್ತದೆ.

ಫಲಿತಾಂಶವನ್ನು ತಟ್ಟೆಯೊಳಗಿನ ಗಾಳಿಗೆ ಲೆಕ್ಕಹಾಕಿ ಬರೆಯಿರಿ. ಒಳಗೆ 50 ಮಿ.ಲೀ. ಗಾಳಿಯಿದ್ದರೆ 10 ಮೈಕ್ರೋಲೀಟರ್ ಎಂದರೆ ಲೀಟರ್ ಗಾಳಿಗೆ 200 ಮೈಕ್ರೋಲೀಟರ್.

ಬೆಳವಣಿಗೆ ಕಾಣದ ತಟ್ಟೆ ನೋಡಿ ‘ಸತ್ತಿದೆ’ ಎಂದು ಬರೆಯಬೇಡಿ. ಡಿಸ್ಕ್ ತೆಗೆದು, ಹೊಸ ಮುಚ್ಚಳ ಹಾಕಿ ಮತ್ತೆ 24 ತಾಸು ಇಡಿ. ಬ್ಯಾಕ್ಟೀರಿಯಾದ ವಸಾಹತು (ಗುಂಪು) ಎದ್ದರೆ ಆವಿ ತಡೆದಿತ್ತಷ್ಟೇ, ಕೊಂದಿರಲಿಲ್ಲ. ಕೊಂದಿದ್ದರೂ ಅದು ಮುಚ್ಚಿದ ತಟ್ಟೆಯ ಮಾತು. ರೋಗಿಗೆ ಆ್ಯಂಟಿಬಯಾಟಿಕ್ ಬದಲು ಓಮದೆಣ್ಣೆ ಕೊಡಲು ಅದು ಆಧಾರವಾಗದು. ಓದಿ ಮುಗಿದ ತಟ್ಟೆಗಳನ್ನು ತೊಳೆಯುವ ಮೊದಲು 121 ಡಿಗ್ರಿಯಲ್ಲಿ 30 ನಿಮಿಷ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿನಾಶ) ಮಾಡಿ.