ಕೊತ್ತಂಬರಿಗೆ ಸ್ನಾನ ಮಾಡಿಸಿ ಮಲಗಿಸಬೇಡಿ

ಮೊನ್ನೆ ಮೊಮ್ಮಗಳ ಮನೆಗೆ ಹೋಗಿದ್ದೆ. ನೀರು ಕುಡಿಯೋಣ ಅಂತ ಫ್ರಿಜ್ ಬಾಗಿಲು ತೆಗೆದೆ. ಕೆಳಗಿನ ಡ್ರಾಯರ್‌ನಲ್ಲಿ ಒಂದು ಪ್ಲಾಸ್ಟಿಕ್ ಕವರ್, ಬಾಯಿಗೆ ಬಿಗಿಯಾಗಿ ಗಂಟು. ಒಳಗೆ ಕಪ್ಪು ಕಪ್ಪಾದ ಲೋಳೆ ನೀರು. ಏನದು ಅಂತ ತಿಳಿಯೋಕೆ ಮೂಸಿ ನೋಡಬೇಕಾಯಿತು. ಕೊತ್ತಂಬರಿ ಸೊಪ್ಪು! "ಅಜ್ಜಿ, ಭಾನುವಾರ ತಾನೇ ತಂದಿದ್ದು. ಚೆನ್ನಾಗಿ ತೊಳೆದು ಇಟ್ಟಿದ್ದೆ" ಅಂದಳು. ತೊಳೆದು ಇಟ್ಟಿದ್ದಳಂತೆ. ಕೆಟ್ಟಿದ್ದೇ ಅದರಿಂದ ಕಣೇ ಅಂದೆ. ಪಕ್ಕದಲ್ಲೇ ಬಾಳೆಹಣ್ಣು, ಆಲೂಗಡ್ಡೆ, ಟೊಮೆಟೊ, ಸೇಬು ಎಲ್ಲ ಒಂದರ ಮೇಲೊಂದು. ತಂದ ಚೀಲವನ್ನು ಹಾಗೇ ಬೋರಲು ಹಾಕಿದ್ದಳು ಅಂತ ಕಾಣುತ್ತದೆ.

ಇವಳೊಬ್ಬಳೇ ಅಲ್ಲ. ಮಗ, ಸೊಸೆ, ಅಕ್ಕಪಕ್ಕದ ಮಕ್ಕಳು ಎಲ್ಲರೂ ಹೀಗೇ. ತರುವುದರಲ್ಲಿ ಇರುವ ಉತ್ಸಾಹ ಎತ್ತಿಡುವುದರಲ್ಲಿ ಇಲ್ಲ. ಫ್ರಿಜ್‌ಗೆ ತಳ್ಳಿ ಬಾಗಿಲು ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ವಾರದ ಕೊನೆಗೆ ಅರ್ಧ ಕಸದ ಬುಟ್ಟಿಗೆ. ನೋಡಿ ನೋಡಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ತಲೆಗೆ ಹೋಗಲಿ. ಗಿಡದಿಂದ ಕಿತ್ತ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ಉಸಿರಾಡುವಾಗ ನೀರಿನ ಪಸೆ ಬಿಡುತ್ತದೆ. ಕವರ್‌ಗೆ ಗಂಟು ಹಾಕಿದರೆ ಆ ಪಸೆ ಎಲ್ಲಿಗೆ ಹೋಗಬೇಕು? ಒಳಗೇ ಹನಿಗಟ್ಟಿ ಎಲೆಯ ಮೇಲೆ ಕೂರುತ್ತದೆ, ಕೊಳೆ ಅಲ್ಲಿಂದ ಶುರು. ಹಾಗಂತ ಬಿಚ್ಚಿಟ್ಟರೂ ಕಷ್ಟ. ಫ್ರಿಜ್‌ನ ಗಾಳಿ ಒಣ ಗಾಳಿ, ಎರಡೇ ದಿನದಲ್ಲಿ ಎಲ್ಲ ಸೊರಗಿ ಸುಕ್ಕಾಗುತ್ತವೆ. ನೀರು ತರಕಾರಿಯ ಒಳಗೆ ಇರಬೇಕು, ಮೈಮೇಲೆ ಇರಬಾರದು. ನಾನು ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸೋದಕ್ಕೆ ಮಾಡುವ ಸರ್ಕಸ್ಸು ಅಷ್ಟೇ.

ಎಲ್ಲವನ್ನೂ ಫ್ರಿಜ್‌ಗೆ ತುರುಕಬೇಡಿ. ನಾನೂ ತುರುಕಿದವಳೇ, ಸುಳ್ಳು ಯಾಕೆ ಹೇಳಲಿ. ನಮ್ಮ ಮನೆಗೆ ಮೊದಲ ಸಲ ಫ್ರಿಜ್ ಬಂದಾಗ ಮನೆಯಲ್ಲಿದ್ದ ಹಣ್ಣು, ತರಕಾರಿ, ಗೆಡ್ಡೆ ಎಲ್ಲವನ್ನೂ ಒಳಗೆ ಜೋಡಿಸಿ ಹೆಮ್ಮೆಯಿಂದ ಬಾಗಿಲು ತೆಗೆದು ತೆಗೆದು ನೋಡುತ್ತಿದ್ದೆ. ಮಾರನೇ ದಿನಕ್ಕೆ ಬಾಳೆಹಣ್ಣಿನ ಸಿಪ್ಪೆ ಇದ್ದಿಲಿನ ಬಣ್ಣ. ಅಮ್ಮ ನೋಡಿ ಏನೂ ಅನ್ನಲಿಲ್ಲ, ಸುಮ್ನೆ ನಕ್ಕಳು. ಬೈದಿದ್ದರೇ ವಾಸಿಯಿತ್ತು. ಬಾಳೆಹಣ್ಣಿಗೆ 13 ಡಿಗ್ರಿಗಿಂತ ಕಡಿಮೆ ಚಳಿ ಆಗುವುದಿಲ್ಲ. ಫ್ರಿಜ್ ಒಳಗೆ ಇರುವುದು 4 ಡಿಗ್ರಿ ಆಸುಪಾಸು. ಪೂರ್ತಿ ಹಣ್ಣಾದದ್ದನ್ನು ಇಟ್ಟರೆ ಸಿಪ್ಪೆ ಮಾತ್ರ ಕಪ್ಪಾಗುತ್ತದೆ, ಒಳಗಿನ ತಿರುಳು ತಿನ್ನಲು ಚೆನ್ನಾಗಿಯೇ ಇರುತ್ತದೆ. ಕಾಯಿ ಇರುವಾಗಲೇ ಇಟ್ಟರೆ ಆಮೇಲೆ ಹೊರಗೆ ತೆಗೆದರೂ ಸರಿಯಾಗಿ ಹಣ್ಣಾಗುವುದಿಲ್ಲ.

ಟೊಮೆಟೊ ಕೂಡ ಹಾಗೇ. ಚಳಿಗೆ ಅದರ ಘಮ ಹೋಗಿಬಿಡುತ್ತದೆ, ಹಿಟ್ಟು ಹಿಟ್ಟಾಗುತ್ತದೆ. ತಟ್ಟೆಯಲ್ಲಿ ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದಕ್ಕೊಂದು ಒತ್ತದ ಹಾಗೆ ಹೊರಗೇ ಇಡಿ. ಟೊಮೆಟೊದ ನೀರು ಆರುವುದು, ಬೂಸ್ಟು ಒಳಗೆ ನುಗ್ಗುವುದು ಎರಡೂ ಆ ತೊಟ್ಟಿನ ಗಾಯದಿಂದಲೇ. ತೀರಾ ಕೆಂಪಾಗಿ ಮೆತ್ತಗಾದರೆ ಮಾತ್ರ ಎರಡು ಮೂರು ದಿನ ಫ್ರಿಜ್‌ನಲ್ಲಿಟ್ಟುಕೊಳ್ಳಿ.

ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಕಂಡರೆ ನನಗೆ ಮೈ ಉರಿಯುತ್ತದೆ. ಚಳಿಗೆ ಅದರ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ. ಕರಿಯಲು ಹಾಕಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದು. ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಗಾಳಿ, ಅಷ್ಟೇ. ಬೆಳಕು ಬಿದ್ದರೆ ಸಿಪ್ಪೆ ಹಸಿರಾಗುತ್ತದೆ, ಕಹಿಯೂ ಹೌದು, ವಿಷವೂ ಹೌದು. ಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ. ಜಾಸ್ತಿ ಇದ್ದರೆ ಜಿಪುಣತನ ಮಾಡದೆ ಎಸೆಯಿರಿ. ಈರುಳ್ಳಿ, ಬೆಳ್ಳುಳ್ಳಿಯೂ ಹೊರಗೇ ಇರಲಿ, ಆದರೆ ಆಲೂಗಡ್ಡೆಯ ಬುಟ್ಟಿಯಲ್ಲಿ ಅಲ್ಲ. ಆಲೂಗಡ್ಡೆ ಬಿಡುವ ಪಸೆಗೆ ಈರುಳ್ಳಿ ಕೊಳೆಯುತ್ತದೆ. ಎರಡಕ್ಕೂ ಬುಟ್ಟಿ ಬೇರೆ, ಮೂಲೆಯೂ ಬೇರೆ. ಸಿಹಿಗೆಣಸೂ ಹೊರಗೇ. ಫ್ರಿಜ್‌ನಲ್ಲಿಟ್ಟರೆ ನಡುವೆ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.

ಇನ್ನು ಯಾರ ಪಕ್ಕ ಯಾರು ಅನ್ನುವ ವಿಷಯ. ಸೇಬು, ಮಾಗಿದ ಬಾಳೆ, ಮಾವು, ಪಪ್ಪಾಯಿ, ಟೊಮೆಟೊ ಇವು ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ತಾವು ಹಣ್ಣಾಗುವುದಲ್ಲದೆ ಪಕ್ಕದವರನ್ನೂ ಎಳೆದುಕೊಂಡು ಹೋಗುತ್ತವೆ. ಸೊಪ್ಪು ಹಳದಿಯಾಗುತ್ತದೆ, ಸೌತೆಕಾಯಿ ಬೇಗ ಮುದಿಯಾಗುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಸೊಸೆ ಒಮ್ಮೆ ಕ್ಯಾರೆಟ್ ಕಹಿ ಅಂತ ಮಾರಿದವನನ್ನು ಬೈದುಕೊಳ್ಳುತ್ತಿದ್ದಳು. ಹೋಗಿ ನೋಡಿದರೆ ಎರಡು ವಾರದಿಂದ ಅದೇ ಡ್ರಾಯರ್‌ನಲ್ಲಿ ಐದು ಸೇಬು! ಪಾಪ, ಅವನೇನು ಮಾಡಿಯಾನು. ಇದೇ ಗುಣ ಬೇಕಾದಾಗ ಉಪಕಾರಕ್ಕೂ ಬರುತ್ತದೆ. ಮಾವಿನಕಾಯಿ ಬೇಗ ಹಣ್ಣಾಗಬೇಕೇ, ಕಾಗದದ ಚೀಲದಲ್ಲಿ ಒಂದು ಮಾಗಿದ ಬಾಳೆಹಣ್ಣಿನ ಜೊತೆ ಇಡಿ. ದ್ರಾಕ್ಷಿ, ಕಿತ್ತಳೆ, ಅನಾನಸ್, ದಾಳಿಂಬೆಗೆ ಮಾತ್ರ ಈ ಆಟ ನಡೆಯುವುದಿಲ್ಲ. ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ. ಹುಳಿ ದ್ರಾಕ್ಷಿ ತಂದು ನಾಲ್ಕು ದಿನ ಕಾಯುವವರನ್ನು ನೋಡಿದ್ದೇನೆ.

ನಿಮ್ಮ ಫ್ರಿಜ್‌ನ ಡ್ರಾಯರ್ ಮೇಲೆ ಅತ್ತಿತ್ತ ಸರಿಸುವ ಪುಟ್ಟ ಕಿಂಡಿ ಇದೆಯೋ ನೋಡಿ. ಇದ್ದರೆ ಅದು ಅಲಂಕಾರಕ್ಕಲ್ಲ. ಸೊಪ್ಪಿನ ಡ್ರಾಯರ್‌ಗೆ ಮುಚ್ಚಿಡಿ, ಪಸೆ ಒಳಗೇ ಉಳಿಯುತ್ತದೆ. ಹಣ್ಣಿನ ಡ್ರಾಯರ್‌ಗೆ ತೆರೆದಿಡಿ, ಅನಿಲ ಹೊರಗೆ ಹೋಗುತ್ತದೆ. ಹತ್ತು ವರ್ಷದಿಂದ ಫ್ರಿಜ್ ಇಟ್ಟುಕೊಂಡವರಿಗೂ ಇದು ಗೊತ್ತಿರುವುದಿಲ್ಲ.

ಈಗ ಕೊತ್ತಂಬರಿಗೆ ಬರುತ್ತೇನೆ. ಇದನ್ನು ನಿಧಾನವಾಗಿ ಓದಿ.

ಮನೆಗೆ ತಂದ ತಕ್ಷಣ ಕಟ್ಟಿನ ದಾರವೋ ರಬ್ಬರ್ ಬ್ಯಾಂಡೋ ಏನಿದೆಯೋ ಬಿಚ್ಚಿ. ಅದು ಬಿಗಿದ ಜಾಗದಲ್ಲೇ ದಂಟು ಜಜ್ಜಿ ಮೊದಲು ಕೊಳೆಯುವುದು. ಕಾಗದ ಹಾಸಿ ಸೊಪ್ಪನ್ನು ತೆಳ್ಳಗೆ ಹರಡಿ. ಕೂತುಕೊಂಡು ಒಂದೊಂದೇ ದಂಟು ನೋಡಿ. ಹಳದಿ ಎಲೆ, ಮುರಿದ ಎಲೆ, ಕಪ್ಪು ಚುಕ್ಕೆ ಇರುವ ಎಲೆ ಎಲ್ಲ ತೆಗೆಯಿರಿ. "ಒಂದೆರಡು ತಾನೇ" ಅಂತ ಬಿಟ್ಟಿರೋ, ಆ ಒಂದೆರಡೇ ಇಡೀ ಕಟ್ಟನ್ನು ಕೆಡಿಸುತ್ತವೆ. ಬೇರಿನಲ್ಲಿ ಮಣ್ಣಿದ್ದರೆ ಬೇರಿನ ಮೇಲೆ ಎರಡು ಬೆರಳಷ್ಟು ಬಿಟ್ಟು ಕತ್ತರಿಸಿ. ತೊಳೆಯಬೇಡಿ. ಇನ್ನೊಂದು ಸಲ ಹೇಳುತ್ತೇನೆ, ತೊಳೆಯಬೇಡಿ. ತೊಳೆಯುವುದು ಅಡುಗೆಗೆ ಹಾಕುವ ಮುಂಚೆ, ಬೇಕಾದಷ್ಟನ್ನು ಮಾತ್ರ.

ಅಂಗಡಿಯವರು ನೀರು ಚಿಮುಕಿಸಿಯೇ ಕೊಟ್ಟಿರುತ್ತಾರೆ. ಅದು ಆರಬೇಕು. ನೆರಳಲ್ಲಿ, ಫ್ಯಾನ್ ನೇರವಾಗಿ ಬೀಸದ ಕಡೆ, ಒಂದು ಲೋಟ ಕಾಫಿ ನಿಧಾನವಾಗಿ ಕುಡಿದು ಮುಗಿಸುವಷ್ಟು ಹೊತ್ತು ಬಿಡಿ. ಆರಿದೆಯೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲ, ನಮ್ಮ ಕೈ ಯಾವಾಗಲೂ ಅರೆ ಒದ್ದೆ. ಒಂದು ಹಿಡಿ ಎತ್ತಿ ಕೆನ್ನೆಗೆ ಮುಟ್ಟಿಸಿ. ತಣ್ಣಗೆ ಒದ್ದೆ ತಗುಲಿದರೆ ಇನ್ನೂ ಸ್ವಲ್ಪ ಹೊತ್ತು. ತಂಪಾಗಿದ್ದೂ ಕೆನ್ನೆ ಒಣಗಿದ್ದರೆ ಸರಿ. ಮೊಮ್ಮಗಳು ಇದನ್ನು ನೋಡಿ ನಗುತ್ತಾಳೆ. ನಗಲಿ, ಕಪ್ಪು ನೀರು ಇರುವುದು ಅವಳ ಫ್ರಿಜ್‌ನಲ್ಲಿ.

ಆಮೇಲೆ ಬಟ್ಟೆ. ತೆಳುವಾದ ಹತ್ತಿ ಬಟ್ಟೆಯೇ ಬೇಕು, ನೂರು ಸಲ ಒಗೆದು ಮೆತ್ತಗಾದದ್ದು. ಹಳೆಯ ದಿಂಬಿನ ಕವರ್ ಬಿಚ್ಚಿದರೆ ಎರಡು ಸಿಗುತ್ತವೆ. ಹೊಸ ಬಟ್ಟೆ ನೀರು ಹೀರುವುದಿಲ್ಲ. ಪೇಪರ್ ಟವೆಲ್ ಆದೀತು, ಆದರೆ ಒದ್ದೆಯಾದರೆ ಎಲೆಗೇ ಅಂಟಿಕೊಂಡು ಕೂರುತ್ತದೆ. ಬಟ್ಟೆ ಹಾಸಿ, ಸೊಪ್ಪನ್ನು ಒಂದು ಹಿಡಿ ಈ ಕಡೆ ತಲೆ, ಇನ್ನೊಂದು ಹಿಡಿ ಆ ಕಡೆ ತಲೆ ಮಾಡಿ ಜೋಡಿಸಿ. ಎಲ್ಲ ಎಲೆ ಒಂದೇ ಕಡೆ ಬಂದರೆ ಅಲ್ಲಿ ಒತ್ತಾಗಿ ಬಿಸಿಯೇಳುತ್ತದೆ. ಈಗ ಚಾಪೆ ಸುತ್ತಿದ ಹಾಗೆ ಸಡಿಲವಾಗಿ ಸುತ್ತಿ. ಬಟ್ಟೆ ಹಿಂಡಿದ ಹಾಗೆ ಬಿಗಿಯಬೇಡಿ. ಡಬ್ಬಿಯ ತಳಕ್ಕೆ ಇನ್ನೊಂದು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿ, ಮೇಲೆ ಈ ಸುರುಳಿ ಮಲಗಿಸಿ. ಡಬ್ಬಿ ಮುಕ್ಕಾಲು ತುಂಬಿದರೆ ಸಾಕು, ಅದುಮಿ ಮುಚ್ಚಳ ಹಾಕಬೇಡಿ. ಫ್ರಿಜ್‌ನ ಹಿಂಬದಿ ಗೋಡೆಗೆ ತಾಗದ ಹಾಗೆ ಇಡಿ. ಅಲ್ಲಿ ಚಳಿ ಜಾಸ್ತಿ, ಎಲೆ ಹೆಪ್ಪುಗಟ್ಟಿ ಗಾಜಿನ ಹಾಗಾಗುತ್ತದೆ.

ಇಟ್ಟು ಮರೆತರೆ ಇಷ್ಟೂ ದಂಡ. ಮೂರು ದಿನಕ್ಕೊಮ್ಮೆ ತೆಗೆದು ನೋಡಿ. ಬಟ್ಟೆ ತೇವವಾಗಿದ್ದರೆ ಬೇರೆ ಒಣ ಬಟ್ಟೆಗೆ ಬದಲಾಯಿಸಿ, ಮುಚ್ಚಳದ ಒಳಗಿನ ಹನಿ ಒರೆಸಿ. ಬಟ್ಟೆ ತೀರಾ ಒಣಗಿ ಎಲೆ ಬಾಡುತ್ತಿದ್ದರೆ ಬಟ್ಟೆಯ ಮೇಲೆ ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸಿ. ಬಟ್ಟೆಯ ಮೇಲೆ, ಸೊಪ್ಪಿನ ಮೇಲಲ್ಲ. ಸೊಪ್ಪು ಬಿಟ್ಟ ನೀರನ್ನು ಬಟ್ಟೆ ಕುಡಿಯುತ್ತದೆ, ಬೇಕಾದಾಗ ಸ್ವಲ್ಪ ವಾಪಸ್ ಕೊಡುತ್ತದೆ. ಹೀಗೆ ನನ್ನ ಕೊತ್ತಂಬರಿ ಎರಡು ವಾರ ಆರಾಮಾಗಿ ಇರುತ್ತದೆ. ಒಳ್ಳೆ ಎಳೆಯ ಕಟ್ಟು ಸಿಕ್ಕಾಗ ಮೂರು ವಾರ ದಾಟಿಸಿದ್ದೂ ಇದೆ. ಪುದೀನಕ್ಕೂ ಇದೇ ಕ್ರಮ. ಪಾಲಕ್ ಅಷ್ಟು ದಿನ ಬರುವುದಿಲ್ಲ, ಐದಾರು ದಿನದಲ್ಲಿ ಮುಗಿಸಿಬಿಡಿ. ಹೂವಿನ ಹಾಗೆ ಲೋಟದ ನೀರಿನಲ್ಲಿ ದಂಟು ನಿಲ್ಲಿಸುವವರೂ ಇದ್ದಾರೆ. ಬೇಡ ಅನ್ನುವುದಿಲ್ಲ. ದಿನಾ ನೀರು ಬದಲಾಯಿಸುವವರು ಯಾರು, ಹಾಲಿಗೆ ಕೈ ಹಾಕಿದವರು ಲೋಟ ಉರುಳಿಸಿದರೆ ಒರೆಸುವವರು ಯಾರು, ಅದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಬಟ್ಟೆ ಅಂದಾಗ ನೆನಪಾಯಿತು. ಈ ಬಟ್ಟೆಗಳನ್ನು ಘಮಘಮ ಅನ್ನುವ ಲಿಕ್ವಿಡ್ ಹಾಕಿ ಒಗೆಯಬೇಡಿ, ಕೊತ್ತಂಬರಿ ಸೋಪಿನ ವಾಸನೆ ಹೊಡೆಯುತ್ತದೆ. ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಹಾಗೇ ಅಡುಗೆಮನೆಯ ಒರೆಸುವ ಬಟ್ಟೆಯ ಕಥೆಯೂ ಇದೆ. ಒಂದೇ ಬಟ್ಟೆಯಲ್ಲಿ ಕೈ, ಅದರಲ್ಲೇ ಕಟ್ಟೆ, ಅದರಲ್ಲೇ ತೊಳೆದ ತಟ್ಟೆ! ಆ ಬಟ್ಟೆ ದಿನವಿಡೀ ಮುದ್ದೆಯಾಗಿ ಸಿಂಕ್ ಅಂಚಿನಲ್ಲಿ ಬಿದ್ದಿರುತ್ತದೆ. ಮೂರು ಬಟ್ಟೆ ಇಟ್ಟುಕೊಳ್ಳಿ, ಬಿಡಿಸಿ ಒಣಹಾಕಿ, ದಿನಾ ಒಗೆಯಿರಿ. ಅದು ಇನ್ನೊಂದು ದಿನದ ಬೈಗುಳ, ಇರಲಿ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಸಿಮೆಣಸಿನಕಾಯಿಯ ತೊಟ್ಟು ತೆಗೆದು, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿಡಿ. ಕೊಳೆಯುವುದು ತೊಟ್ಟಿನಿಂದಲೇ. ಬೆಂಡೆಕಾಯಿಗೆ ನೀರು ಸೋಕಿದರೆ ಲೋಳೆ, ಹಾಗಾಗಿ ಒರೆಸಿ ಇಡಿ. ನಿಂಬೆಹಣ್ಣು ಹೊರಗಿದ್ದರೆ ವಾರಕ್ಕೆ ಗೋಲಿಯಾಗುತ್ತದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಫ್ರಿಜ್‌ಗೆ ಹೋದರೆ ತಿಂಗಳು ರಸ ಕೊಡುತ್ತದೆ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಸೊಪ್ಪಿನ ಸಮೇತ ಬಂದರೆ ಅಂದೇ ಸೊಪ್ಪು ಕತ್ತರಿಸಿ, ಇಲ್ಲದಿದ್ದರೆ ಗೆಡ್ಡೆಯ ನೀರನ್ನೆಲ್ಲ ಸೊಪ್ಪೇ ಎಳೆದುಕೊಳ್ಳುತ್ತದೆ. ಬಾಗಿದ ಕ್ಯಾರೆಟ್ ಎಸೆಯಬೇಡಿ, ತಣ್ಣೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಟ್ಟರೆ ಮತ್ತೆ ಟಕ್ ಅಂತ ಮುರಿಯುತ್ತದೆ. ಎಲೆಕೋಸನ್ನು ಅರ್ಧಕ್ಕೆ ಸೀಳಬೇಡಿ, ಅಂದಿಗೆ ಬೇಕಾದಷ್ಟು ಎಲೆ ಸುಲಿದುಕೊಳ್ಳಿ. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯಂಥದ್ದು ಅದರದೇ ಮೇಣ, ಅದನ್ನು ತೊಳೆದು ಇಟ್ಟರೆ ಕಾವಲು ತೆಗೆದ ಹಾಗೆ. ಅಣಬೆಗೆ ಕಾಗದದ ಚೀಲ. ಸೌತೆ, ಬದನೆ, ದಪ್ಪಮೆಣಸಿನಕಾಯಿಗೆ ಚಳಿ ಅಷ್ಟಾಗಿ ಹಿಡಿಸುವುದಿಲ್ಲ, ಹಿಂದಿನ ಗೋಡೆಯಿಂದ ದೂರ, ಮುಂದಿನ ಕಡೆ ಇಟ್ಟು ಕೆಲವೇ ದಿನದಲ್ಲಿ ಬಳಸಿ. ಇಡೀ ಕುಂಬಳಕಾಯಿ ತೊಟ್ಟು ಮುರಿಯದಿದ್ದರೆ ತಂಪಾದ ಒಣ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಕೊಯ್ದ ಮೇಲೆ ಬೀಜ, ನಾರು ಕೆರೆದು ತೆಗೆದರೆ ಮಾತ್ರ ಫ್ರಿಜ್‌ನಲ್ಲಿ ನಾಲ್ಕೈದು ದಿನ. ಹೆಚ್ಚಿದ ಹಣ್ಣನ್ನು 2 ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ.

ಅಮ್ಮನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೊಂದು ಒದ್ದೆ ಬಟ್ಟೆ. ನೀರು ಆರುತ್ತಾ ಆರುತ್ತಾ ಒಳಗೆ ತಂಪು. ಗಾಳಿ ಒಣಗಿದ್ದಾಗ ಚೆನ್ನಾಗಿ ನಡೆಯುತ್ತಿತ್ತು, ಮಳೆ ಹಿಡಿದರೆ ಉಪಯೋಗಕ್ಕೆ ಬರುತ್ತಿರಲಿಲ್ಲ. ದಿನಾ ಸಂಜೆ ದೀಪದ ಬೆಳಕಿನಲ್ಲಿ ಅವಳು ಒಂದೊಂದನ್ನೂ ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ಮೆತ್ತಗೆ ಸಿಕ್ಕಿದ್ದು ಮಾರನೇ ದಿನದ ಅಡುಗೆಗೆ. ನಾಳೆ ಏನು ಮಾಡೋಣ ಅಂತ ಅವಳು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ.

ಜಾಸ್ತಿ ಬಂದ ಬಟಾಣಿಯನ್ನು ಫ್ರೀಜರ್‌ಗೆ ಹಾಕುತ್ತೇನೆ. ಬಿಡಿಸಿಟ್ಟರೆ ದಿನದಿನಕ್ಕೂ ಅದರ ಸಿಹಿ ಹೋಗಿ ಹಿಟ್ಟಾಗುತ್ತದೆ, ಹಾಗಾಗಿ ತಂದ ದಿನವೇ ಕೂರಬೇಕು. ಕುದಿಯುವ ನೀರಿಗೆ ಹಾಕಿ ಒಂದೂವರೆ ಎರಡು ನಿಮಿಷ, ತಕ್ಷಣ ಐಸ್ ನೀರಿಗೆ, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ, ತಟ್ಟೆಯಲ್ಲಿ ಬಿಡಿ ಬಿಡಿಯಾಗಿ ಗಟ್ಟಿ ಮಾಡಿ ಆಮೇಲೆ ಚೀಲಕ್ಕೆ. ಚೀಲದ ಮೇಲೆ ಏನು, ಯಾವ ತಾರೀಖು ಅಂತ ಬರೆದು ಅಂಟಿಸಿ. ನಾನು ಒಮ್ಮೆ ಬರೆಯದೆ ಬಿಟ್ಟೆ. ಕನ್ನಡಕವೂ ಹಾಕಿರಲಿಲ್ಲ. ಬಟಾಣಿ ಅಂತ ಒಂದು ಹಿಡಿ ತುಂಬ ತೆಗೆದು ಅನ್ನಕ್ಕೆ ಸುರಿದೆ, ಅದು ಹೆಚ್ಚಿಟ್ಟ ಹಸಿಮೆಣಸಿನಕಾಯಿ. ಅವತ್ತು ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.