ಮೂರನೇ ಸಲ ಅದೇ ಸ್ಥಿತಿ: ಡ್ರಾ ಕ್ಲೇಮ್ ಮಾಡುವುದು ಹೇಗೆ

ಚೆಸ್‌ನಲ್ಲಿ ಸೋಲುವಂತಿದ್ದ ಆಟವನ್ನು ಹೇಗೋ ಎಳೆದು, ಹಲಗೆಯ ಮೇಲೆ ಒಂದೇ ಸ್ಥಿತಿ ಮೂರನೇ ಸಲ ಬರುವಂತೆ ಮಾಡಿಕೊಂಡರೂ ಆಟ ತಾನಾಗಿ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ಡ್ರಾ ಬೇಕೆಂದು ಕ್ಲೇಮ್ ಮಾಡಬೇಕಾದವರು ನೀವೇ. ಆರ್ಬಿಟರ್ (ಪಂದ್ಯದ ತೀರ್ಪುಗಾರರು) ತಾವಾಗಿ ಆಟ ನಿಲ್ಲಿಸುವುದು ಐದನೇ ಸಲಕ್ಕೆ.

ಮೊದಲು, ಸರದಿ ನಿಮ್ಮದಿರಬೇಕು. ಎದುರಾಳಿಯ ನಡೆಯಿಂದಲೇ ಮೂರನೇ ಸಲ ಬಂದಿದ್ದರೆ ಯಾವ ಕಾಯಿಯನ್ನೂ ಮುಟ್ಟದೆ ಗಡಿಯಾರ ನಿಲ್ಲಿಸಿ, ಆರ್ಬಿಟರ್ ಅವರನ್ನು ಕರೆಯಿರಿ. ನಿಮ್ಮ ನಡೆಯಿಂದ ಬರುವುದಿದ್ದರೆ ಅದನ್ನು ಆಡಬೇಡಿ. ಸ್ಕೋರ್‌ಶೀಟಿನಲ್ಲಿ (ನಡೆಗಳನ್ನು ದಾಖಲಿಸುವ ಹಾಳೆ) ಬರೆದು, ಗಡಿಯಾರ ನಿಲ್ಲಿಸಿ, ‘ಈ ನಡೆ ಆಡಲಿದ್ದೇನೆ, ಮೂರನೇ ಸಲ ಆಗುತ್ತದೆ’ ಎಂದು ಹೇಳಿ. ಬರೆದದ್ದನ್ನು ಬದಲಿಸುವಂತಿಲ್ಲ.

ಎಡವುವುದು ಇಲ್ಲೇ. ಖುಷಿಯಲ್ಲಿ ನಡೆ ಆಡಿ, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತುತ್ತಾರೆ. ಅಷ್ಟರಲ್ಲಿ ಸರದಿ ಎದುರಾಳಿಯದು, ಕ್ಲೇಮ್ ಮಾಡುವ ಹಕ್ಕೂ ಅವರದೇ. ಆಡಲೆಂದು ಕಾಯಿ ಮುಟ್ಟಿದರೂ ಸಾಕು, ಆ ಸರದಿಯ ಹಕ್ಕು ಹೋಯಿತು.

ನಡೆಗಳನ್ನು ಎಣಿಸಬೇಡಿ, ಸ್ಥಿತಿಯನ್ನು ಎಣಿಸಿ. ಅವೇ ಚೌಕಗಳಲ್ಲಿ ಅವೇ ಕಾಯಿಗಳು, ಸರದಿಯೂ ಅದೇ ಬಣ್ಣದ್ದು, ಕ್ಯಾಸ್ಲಿಂಗ್ (ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವುದು) ಮತ್ತು ಆನ್ ಪಾಸಾಂಗೆ (ಎರಡು ಚೌಕ ಮುಂದೆ ಬಂದ ಪದಾತಿಯನ್ನು ಪಕ್ಕದ ಪದಾತಿ ಹೊಡೆಯುವುದು) ಇರುವ ಅವಕಾಶವೂ ಅಷ್ಟೇ ಇರಬೇಕು. ಬೆನ್ನುಬೆನ್ನಿಗೆ ಅವೇ ನಡೆಗಳು ಬರಬೇಕೆಂದೇನೂ ಇಲ್ಲ. 1971ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಚಾಂಪಿಯನ್ನರ ಸವಾಲುಗಾರರನ್ನು ಆರಿಸುವ ಕ್ಯಾಂಡಿಡೇಟ್ಸ್ ಫೈನಲ್‌ನ ಮೂರನೇ ಆಟ ನೋಡಿ. ಬಿಳಿ ಕಾಯಿಯ ಅಮೆರಿಕದ ಬಾಬಿ ಫಿಶರ್, ಸೋವಿಯತ್ ಒಕ್ಕೂಟದ ಟೈಗ್ರಾನ್ ಪೆಟ್ರೋಸಿಯನ್ ವಿರುದ್ಧ 30ನೇ ನಡೆಯಲ್ಲಿ ರಾಣಿಯನ್ನು ಇ2 ಚೌಕಕ್ಕೆ ತಂದರು. ಎಚ್5ಕ್ಕೆ ಹೋಗಿ ಬಂದು 32ರಲ್ಲಿ ಮತ್ತೆ ಇ2. ಆಮೇಲೆ ರಾಣಿ ಹೋದದ್ದು ಡಿ3ಕ್ಕೆ, ಬೇರೆಯೇ ದಾರಿ. 34ನೇ ನಡೆಯಾಗಿ ಮತ್ತೆ ಇ2 ಎಂದು ಹಾಳೆಯ ಮೇಲೆ ಬರೆದು ಡ್ರಾ ಕ್ಲೇಮ್ ಮಾಡಿದರು. ಮೇಲುಗೈಯಲ್ಲಿದ್ದ ಪೆಟ್ರೋಸಿಯನ್ ಗೆಲುವಿನ ಅವಕಾಶ ಕಳೆದುಕೊಂಡರು.

ಕ್ಲೇಮ್ ತಪ್ಪಾದರೆ ಎದುರಾಳಿಗೆ 2 ನಿಮಿಷ ಹೆಚ್ಚುವರಿ ಸಿಗುತ್ತದೆ, ನೀವು ಬರೆದ ನಡೆಯನ್ನೇ ಆಡಬೇಕಾಗುತ್ತದೆ. ಹಾಗಾಗಿ ಕರೆಯುವ ಮುನ್ನ ಹಾಳೆಯಲ್ಲಿ ಮೂರೂ ನಡೆಸಂಖ್ಯೆ ಗುರುತಿಸಿಕೊಳ್ಳಿ. ಗೀಚಿದಂತಿರುವ ಹಾಳೆಯಿಂದ ಆಟವನ್ನು ಮರುಜೋಡಿಸುವುದು ಆರ್ಬಿಟರ್‌ಗೂ ತಲೆನೋವು.

ಬಾಯಿಮಾತಿನ ಡ್ರಾ ಪ್ರಸ್ತಾಪ ಬೇರೆಯೇ ಸಂಗತಿ: ನಡೆ ಆಡಿ, ಕೇಳಿ, ಆಮೇಲೆ ಗಡಿಯಾರ ಒತ್ತಿ. ಎದುರಾಳಿ ಬೇಡವೆನ್ನುವವರೆಗೆ ಅಥವಾ ಆಡಲು ಕಾಯಿ ಮುಟ್ಟುವವರೆಗೆ ಪ್ರಸ್ತಾಪ ಊರ್ಜಿತ, ಹಿಂದಕ್ಕೆ ಪಡೆಯಲಾಗದು. ಪದೇ ಪದೇ ಕೇಳಿ ಕಿರಿಕಿರಿ ಮಾಡಿದರೆ ಆರ್ಬಿಟರ್ ದಂಡ ಹಾಕಬಹುದು.